ಆಯ್ಕೆ ಸಮಿತಿಯ ಅಧ್ಯಕ್ಷರೇ, ನಮ್ಮ ಮಾವನ ಆರು ಹೆಸರುಗಳ ಗತಿ ಏನು?

ಮಾನ್ಯರೇ,

ರಾಷ್ಟ್ರೀಯ ಕ್ರಿಕೆಟ್ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದ ತಾವು ನಾಲ್ಕು ವಾರದ ಹಿಂದೆ, ಒಂದು ಗುರುವಾರ, ಮುಂದಿನ ವರ್ಷಕ್ಕೆಂದು ಹೊಸ ತಂಡವನ್ನು ಪ್ರಕಟಿಸಿದಿರಿ. ಹಳೆಯ ಹನ್ನೊಂದರಲ್ಲಿ ಆರು ಮಂದಿಯನ್ನು ಕೈಬಿಟ್ಟಿರಿ. ಪಟ್ಟಿ ಓದಲು ತಮಗೆ ಹಿಡಿದದ್ದು ಮೂರು ನಿಮಿಷ, ನಡುವೆ ಒಮ್ಮೆ ನೀರು ಕುಡಿದದ್ದೂ ಸೇರಿ. ಆ ಹನ್ನೊಂದು ಹೆಸರುಗಳನ್ನು ಬಾಯಲ್ಲಿ ಹೇಳಲು ಕಲಿಯುವುದಕ್ಕೆ ನಮ್ಮ ಮಾವನಿಗೆ ಹಿಡಿದದ್ದು ಹದಿನಾಲ್ಕು ತಿಂಗಳು. ಹನ್ನೊಂದನೆಯ ಹೆಸರು ಕಲಿತು ಮುಗಿದದ್ದು ಬುಧವಾರ ಸಂಜೆ. ತಾವು ಪಟ್ಟಿ ಓದಿದ್ದು ಮರುದಿನ ಬೆಳಿಗ್ಗೆ. ಇದೇ ನನ್ನ ದೂರು. ಬಹಿರಂಗವಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೆ ತಮ್ಮ ಕಚೇರಿಯಿಂದ ಬಂದ ಉತ್ತರ ಒಂದೇ ಆಗಿತ್ತು: ತಂಡದ ಅಂಗಿ ಎಲ್ಲಿ ಮಾರಾಟಕ್ಕೆ ಸಿಗುತ್ತದೆ ಎಂಬ ವಿವರ.

ನಾನು ಕ್ರಿಕೆಟ್ ಪಂಡಿತೆಯಲ್ಲ. ನ್ಯಾಯಾಲಯದ ಹಿಂದಿನ ಗಲ್ಲಿಯಲ್ಲಿ, ಜೆರಾಕ್ಸ್ ಅಂಗಡಿಗೂ ಚಹಾದಂಗಡಿಗೂ ನಡುವಿನ ಒಂದು ಕೋಣೆಯಲ್ಲಿ ಕೂತು ಹತ್ತೊಂಬತ್ತು ವರ್ಷಗಳಿಂದ ಬೇರೆಯವರ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದೇನೆ. ಗೋಡೆ ಬಿದ್ದವರು, ಗೋಡೆ ಕಟ್ಟಿದವರು, ನೆರೆಮನೆಯ ನಾಯಿಯಿಂದ ನಿದ್ರೆ ಕಳೆದುಕೊಂಡವರು, ಎಲ್ಲರೂ ನನ್ನೆದುರಿನ ಮರದ ಸ್ಟೂಲಿನ ಮೇಲೆ ಕೂತು ಹೇಳಿದ್ದಾರೆ, ನಾನು ಟೈಪ್ ಮಾಡಿದ್ದೇನೆ. ಹಾಗಾಗಿ ತಮ್ಮ ಹೇಳಿಕೆಯನ್ನು ಪತ್ರಿಕೆಯಲ್ಲಿ ಓದಿದಾಗ ಅದರ ಭಾಷೆ ನನಗೆ ತವರಿನ ಭಾಷೆಯಂತೆಯೇ ಕೇಳಿಸಿತು. "ತಂಡದ ಹಿತದೃಷ್ಟಿಯಿಂದ" ಎಂದಿದ್ದಿರಿ. ನಮ್ಮ ಗಲ್ಲಿಯಲ್ಲಿ ಇದಕ್ಕೆ 'ಕಾರಣ ಹೇಳಲು ಮನಸ್ಸಿಲ್ಲ' ಎಂದು ಅರ್ಥ. "ಇದು ಪರಿವರ್ತನೆಯ ವರ್ಷ" ಎಂದಿದ್ದಿರಿ. ಹೋದ ವರ್ಷವೂ ಪರಿವರ್ತನೆಯ ವರ್ಷವೇ ಆಗಿತ್ತು, ಅದರ ಹಿಂದಿನದೂ. ಇಷ್ಟು ಪರಿವರ್ತನೆಯಾದ ಮೇಲೂ ಸೋಲು ಮಾತ್ರ ಹಾಗೇ ಉಳಿದಿದೆಯಲ್ಲ, ಅದನ್ನು ಯಾವ ಸಮಿತಿ ಆರಿಸಿದ್ದು? "ಯಾರಿಗೂ ಬಾಗಿಲು ಮುಚ್ಚಿಲ್ಲ" ಎಂದೂ ಹೇಳಿದಿರಿ. ನಮ್ಮ ಕಚೇರಿಗಳಲ್ಲೂ ಬಾಗಿಲು ಮುಚ್ಚಿರುವುದಿಲ್ಲ. ಒಳಗಿರುವವರು ಊಟಕ್ಕೆ ಹೋಗಿರುತ್ತಾರೆ.

ಇರಲಿ, ಮಾವನ ವಿಷಯಕ್ಕೆ ಬರುತ್ತೇನೆ.

ನಮ್ಮ ಮಾವ ಮೂವತ್ತಮೂರು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಹಿಂದಿನ ಬಾಗಿಲಲ್ಲಿ ನಿಂತು "ಹಳೇ ಆಸ್ಪತ್ರೆ, ನೀರಿನ ಟ್ಯಾಂಕು, ಮಾರ್ಕೆಟ್ಟೂ" ಎಂದು ರಾಗ ಎಳೆದರೆ ಮುಂದಿದ್ದ ಡ್ರೈವರ್ ಹಾರ್ನ್ ಒತ್ತಬೇಕಾಗುತ್ತಿರಲಿಲ್ಲವಂತೆ. ನಿವೃತ್ತಿಯಾದ ಮೇಲೆ ಆ ಗಂಟಲಿಗೆ ಉಳಿದದ್ದು ಒಂದೇ ಉದ್ಯೋಗ, ಟೀವಿಯ ಮುಂದೆ ಕೂತು ತಮ್ಮ ಸಮಿತಿಯನ್ನು ಬಯ್ಯುವುದು. ನಾನು ಸೊಸೆಯಾಗಿ ಬಂದ ದಿನದಿಂದ ಆ ಟೀವಿ ನಮ್ಮಿಬ್ಬರ ಗಡಿ ತಗಾದೆಯಾಗಿತ್ತು.

"ಮಾವ, ಎಂಟು ಗಂಟೆ ಆಯ್ತು, ನನ್ನ ಧಾರಾವಾಹಿ ಬರುತ್ತೆ."

"ಇನ್ನು ನಾಲ್ಕೇ ಓವರ್ ಕಣಮ್ಮ."

ನಾಲ್ಕು ಓವರ್ ಎಂದರೆ ಎಷ್ಟು ಹೊತ್ತು ಎಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು, ಹೇಳುತ್ತಿರಲಿಲ್ಲ. ಹದಿಮೂರು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆಯನ್ನೆಲ್ಲ ಒಟ್ಟು ಮಾಡಿ ಟೈಪ್ ಮಾಡಿದರೆ ಎರಡು ಹಾಳೆ ತುಂಬೀತು, ಅದರಲ್ಲಿ ಒಂದೂವರೆ ಹಾಳೆ ಈ ನಾಲ್ಕು ಓವರ್‌ಗಳೇ.

ಮಾವನಿಗೆ ಇನ್ನೊಂದು ಚಾಳಿ ಇತ್ತು. ತಂಡದ ಯಾರನ್ನೂ ಅವರು ಸ್ವಂತ ಹೆಸರಿನಿಂದ ಕರೆದವರಲ್ಲ. ದಿನಾ ಬಸ್ ಹತ್ತುವವರಿಗೆ ಅಡ್ಡಹೆಸರು ಇಟ್ಟು ಅಭ್ಯಾಸವಾಗಿತ್ತು, ಅದನ್ನೇ ಇಲ್ಲಿಗೂ ತಂದರು. ಮೊದಲು ಬ್ಯಾಟು ಹಿಡಿದು ಬರುವ ಇಬ್ಬರು ಆತುರ ಮತ್ತು ಮೊಂಡ. ಮೂರನೆಯವನು ಗಡಿಯಾರ; ಪ್ರತಿ ಎಸೆತಕ್ಕೂ ಮುಂಚೆ ಬ್ಯಾಟನ್ನು ನೆಲಕ್ಕೆ ಟಿಕ್ ಟಿಕ್ ಎಂದು ಎರಡು ಸಲ ಕುಟ್ಟುತ್ತಾನೆ, ಇಡೀ ದಿನ ನಿಂತರೂ ನಿಂತ. ನಾಯಕನಿಗೆ ದೊಡ್ಡವನು ಎಂದು ಹೆಸರು. ಐದನೆಯವನು ಅಳಿಯ, ಏಕೆಂದರೆ ಚೆನ್ನಾಗಿ ಬಟ್ಟೆ ತೊಟ್ಟು ಬಂದು, ಒಂದಿಷ್ಟು ಹೊತ್ತು ಇದ್ದು, ಏನೂ ಕೆಲಸ ಮಾಡದೆ ಹೊರಡುತ್ತಾನೆ. ವಿಕೆಟ್ ಹಿಂದೆ ನಿಂತು ಸದಾ ವಟಗುಟ್ಟುವವನು ಬಾಯಿ. ಬ್ಯಾಟು, ಬಾಲು, ಕ್ಯಾಚು, ಎಲ್ಲ ಭಾರ ಹೊರುವವನು ಸಂಸಾರಿ. ಮಿಕ್ಕವರು ಚೆಂಡು ತಿರುಗಿಸುವ ಬುಗುರಿ, ವೇಗದ ಬೌಲರ್ ಗಾಳಿ, ಆರು ತಿಂಗಳಿಗೊಮ್ಮೆ ಮೈ ಹುಷಾರಿಲ್ಲವೆಂದು ಮನೆಗೆ ಹೋಗುವ ನೆಗಡಿ, ಕಡೆಯಲ್ಲಿ ಬಂದು ಕಡೆಯಲ್ಲೇ ಹೋಗುವ ಸೊನ್ನೆ. ಇವರ ನಿಜನಾಮಗಳು ತಮ್ಮ ಕಡತದಲ್ಲಿವೆ. ನಮ್ಮ ಮನೆಯಲ್ಲಿ ಚಲಾವಣೆಯಲ್ಲಿದ್ದದ್ದು ಇವೇ.

ಒಂದು ಬೆಳಿಗ್ಗೆ ಮಾವ ಗಡ್ಡ ಹೆರೆದುಕೊಳ್ಳುತ್ತಿದ್ದವರು ಬಚ್ಚಲ ಬಾಗಿಲಿಗೆ ಬಂದು ನನ್ನನ್ನು ನೋಡಿ, "ಟಿಕೆಟ್ ಕೊಡು" ಎಂದರು. ಹಳೆಯ ಕಂಡಕ್ಟರ್ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. "ಟಿಕೆಟ್" ಎಂದು ಮತ್ತೆ ಹೇಳಿ ಕೈ ಚಾಚಿದರು. ಅವರಿಗೆ ಬೇಕಾಗಿದ್ದದ್ದು ಟವೆಲ್. ಅರ್ಧ ಮುಖದಲ್ಲಿ ಸೋಪಿನ ನೊರೆ ಇತ್ತು, ಬಾಯಿಯ ಬಲಭಾಗ ಜೋತುಬಿದ್ದಿತ್ತು. ಇದು ಗಮನಕ್ಕೆ ಬರುವಷ್ಟರಲ್ಲಿ ಅವರು ಬಾಗಿಲಿಗೆ ಒರಗಿಕೊಂಡೇ ನೆಲಕ್ಕೆ ಜಾರಿದ್ದರು. ಆ ನಗುವಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಹದಿನೇಳು ದಿನ ಆಸ್ಪತ್ರೆ. ಮಿದುಳಿನಲ್ಲಿ ಮಾತಿನ ಜಾಗಕ್ಕೆ ಸ್ವಲ್ಪ ಹೊತ್ತು ರಕ್ತ ಹೋಗಿಲ್ಲ ಎಂದರು ಡಾಕ್ಟರು. "ಇವರಿಗೆ ನಾವು ಹೇಳೋದು ಅರ್ಥ ಆಗುತ್ತೆ. ಏನು ಹೇಳ್ಬೇಕು ಅಂತಲೂ ಗೊತ್ತಿದೆ. ಹೆಸರು ಕೈಗೆ ಸಿಕ್ತಾ ಇಲ್ಲ, ಅಷ್ಟೇ" ಎಂದು ವಿವರಿಸಿದರು. ಆ 'ಅಷ್ಟೇ' ಎಷ್ಟು ದೊಡ್ಡದು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಮಾವನ ಬಾಯಲ್ಲಿ ಉಳಿದದ್ದು ಒಂದೇ ಮಾತು, "ಅದೇ." ನೀರು ಬೇಕಾದರೂ ಅದೇ, ಕಾಲು ನೋಯುತ್ತಿದ್ದರೂ ಅದೇ, ಅತ್ತೆಯನ್ನು ಕರೆಯಬೇಕಾದರೂ ಅದೇ. ನಾವು ಊಹೆಗೆ ಬೀಳುತ್ತಿದ್ದೆವು. ಕನ್ನಡಕವಾ? ದಿಂಬಾ? ಫ್ಯಾನಾ? ಒಂಬತ್ತನೆಯ ಊಹೆಗೆ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಊಟದ ತಟ್ಟೆಯನ್ನು ಎಡಗೈಯಿಂದ ತಳ್ಳಿಬಿಟ್ಟರು. ಅತ್ತೆ ಅಡುಗೆಮನೆಗೆ ಬಂದು ಗೋಡೆ ನೋಡುತ್ತಾ ನಿಂತರು.

"ಈ ಮನುಷ್ಯನ ಕೂಗಾಟ ಒಂದು ಸಲ ನಿಂತರೆ ಸಾಕು ಅಂತ ನಾನೇ ಬೇಡ್ಕೊಂಡಿದ್ದೆ ಕಣೆ" ಎಂದರು.

ವಾರಕ್ಕೆ ಎರಡು ಸಲ ಮಾತು ಕಲಿಸುವವಳೊಬ್ಬಳು ಬರತೊಡಗಿದಳು. ಅತ್ತೆ ಅವಳಿಗೆ ಮಾತಿನ ಟೀಚರ್ ಎಂದು ಹೆಸರಿಟ್ಟರು. ಕೈಚೀಲದ ತುಂಬ ಚಿತ್ರದ ಕಾರ್ಡುಗಳು. ಒಂದೊಂದನ್ನೇ ತೋರಿಸಿ "ಇದೇನು ಹೇಳಿ ನೋಡೋಣ" ಎನ್ನುತ್ತಿದ್ದಳು. ಹಸು, ಕುರ್ಚಿ, ಕೊಡೆ. ಅರವತ್ತೆಂಟು ವರ್ಷದ ಮನುಷ್ಯ, ದಿನಕ್ಕೆ ಸಾವಿರ ಜನರನ್ನು ಹತ್ತಿಸಿ ಇಳಿಸಿದವರು, ಹಸುವಿನ ಚಿತ್ರವನ್ನು ನೋಡಿದ ನೋಟಕ್ಕೆ ಆ ಹಸು ಕಾರ್ಡಿನಿಂದ ಇಳಿದು ಓಡಿಹೋಗಬೇಕಿತ್ತು. ಎರಡು ತಿಂಗಳು ಹೀಗೇ ನಡೆಯಿತು. ಮಾವ ಕಾರ್ಡು ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದರು. ಟೀಚರ್ ಮಾತ್ರ ಮುಖ ಸಣ್ಣದು ಮಾಡಿಕೊಳ್ಳದೆ ಬರುತ್ತಲೇ ಇದ್ದಳು.

ಮೂರನೆಯ ತಿಂಗಳಲ್ಲಿ ಒಂದು ದಿನ ನ್ಯಾಯಾಲಯಕ್ಕೆ ರಜೆ. ನಾನು ಹಜಾರದಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಮಾವ ಕುರ್ಚಿಯಲ್ಲಿದ್ದರು. ಟೀವಿಯಲ್ಲಿ ಪಂದ್ಯ ನಡೆಯುತ್ತಿತ್ತು. ನನಗೊಂದು ಫೋನ್ ಬಂದಿದ್ದರಿಂದ ಅದರ ದನಿ ನಿಲ್ಲಿಸಿದ್ದೆ. ಯಾರೋ ಔಟಾದರು, ಇನ್ನ್ಯಾರೋ ಮೈದಾನಕ್ಕೆ ಇಳಿದರು. ಆಗ ಕುರ್ಚಿಯಿಂದ ಸ್ಪಷ್ಟವಾಗಿ ಒಂದು ಮಾತು ಬಂತು.

"ಗಡಿಯಾರ."

ನಾನು ಇಸ್ತ್ರಿಪೆಟ್ಟಿಗೆ ಇಟ್ಟು ಓಡಿದೆ. ಮೂರು ತಿಂಗಳಿಗೆ ಬಂದ ಮೊದಲ ಪದ. ಗೋಡೆಯಿಂದ ಗಡಿಯಾರ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಅವರ ತೊಡೆಯ ಮೇಲಿಟ್ಟೆ. ಮಾವ ಗಡಿಯಾರವನ್ನು ನೋಡಿದರು, ನನ್ನನ್ನು ನೋಡಿದರು. ತಲೆ ಅಲ್ಲಾಡಿಸಿದರು. "ಗಡಿಯಾರ" ಎಂದು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು. ನಾನು ಮುಳ್ಳು ತಪ್ಪಾಗಿದೆಯೇನೋ ಎಂದು ಸಮಯ ಸರಿ ಮಾಡಿ ತೋರಿಸಿದೆ. ಅಷ್ಟರಲ್ಲಿ ಅತ್ತೆ ಒಳಗಿಂದ ಬಂದು, ಟೀವಿಯಲ್ಲಿ ಬ್ಯಾಟು ಕುಟ್ಟುತ್ತಿದ್ದವನನ್ನು ನೋಡಿ, ಸೌಟು ಹಿಡಿದುಕೊಂಡೇ ಕೂತುಬಿಟ್ಟರು.

"ಅಯ್ಯೋ ಪೆದ್ದೆ, ಅದು ಆಟಗಾರನ ಹೆಸರು ಕಣೆ" ಎಂದರು. ಆಮೇಲೆ ಅವರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮಾವ ಗಡಿಯಾರವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಮಿಕ್ಕ ಪಂದ್ಯ ನೋಡಿದರು.

ಮರುವಾರ ಟೀಚರ್ ಹಸುವನ್ನು ಚೀಲದೊಳಗೆ ಇಟ್ಟುಬಿಟ್ಟಳು. ಪತ್ರಿಕೆಯಿಂದ ಹನ್ನೊಂದು ಜನರ ಚಿತ್ರ ಕತ್ತರಿಸಿ ಕಾರ್ಡಿಗೆ ಅಂಟಿಸಿದೆವು. ಅಡ್ಡಹೆಸರುಗಳನ್ನು ಅತ್ತೆ ನೆನಪಿನಿಂದ ಹೇಳಿದರು, ನಾನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಬೀರುವಿನ ಬಾಗಿಲಿಗೆ ಅಂಟಿಸಿದೆ. ಮಾತು ಸಿಗದವರಿಗೆ ಕೆಲವು ಸಲ ರಾಗ ಸಿಗುತ್ತದೆ ಎಂದು ಟೀಚರ್ ಹೇಳಿದಳು. "ಬಸ್ಸಲ್ಲಿ ಹೇಗೆ ಕೂಗ್ತಿದ್ರಿ ತಾತ?" ಎಂದು ಕೇಳಿದಳು. ಸ್ಟಾಪುಗಳ ಹೆಸರು ಬರಲಿಲ್ಲ, ಆದರೆ ರಾಗ ಬಂತು. ಆ ರಾಗದ ಮೇಲೆ ಹೆಸರುಗಳನ್ನು ಒಂದೊಂದಾಗಿ ಹತ್ತಿಸಿದಳು. ಮೊದಲ ಅಕ್ಷರ ಅವಳು ಹಿಡಿದುಕೊಡುತ್ತಿದ್ದಳು, ಮಿಕ್ಕದ್ದು ಮಾವ ಎಳೆಯಬೇಕು. "ಮೊಂಡ" ಬರುವುದಕ್ಕೆ ಐದು ವಾರ. "ಬುಗುರಿ" ಮೂರು ತಿಂಗಳು "ಬುರುಗಿ" ಆಗಿಯೇ ಇತ್ತು. "ಸೊನ್ನೆ" ಮಾತ್ರ ಒಂದೇ ದಿನದಲ್ಲಿ ಬಂತು, ಅವನ ಆಟದಷ್ಟೇ ಸುಲಭವಾಗಿ.

ಮಾನ್ಯರೇ, ಇಲ್ಲಿ ತಮಗೊಂದು ಧನ್ಯವಾದವೂ ಸಲ್ಲಬೇಕು. ಎಂಟನೆಯ ತಿಂಗಳಲ್ಲಿ ತಾವು ಒಂದು ಸರಣಿಯ ಮಟ್ಟಿಗೆ ಸಂಸಾರಿಯನ್ನು ಕೈಬಿಟ್ಟಿರಿ, ನೆನಪಿದೆಯೇ? ನಾನು ಪತ್ರಿಕೆ ಓದಿ ಹೇಳಿದೆ. ಮಾವ ನೆಟ್ಟಗೆ ಕೂತರು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, "ಸಂಸಾರೀನ... ಯಾಕೆ ತೆಗೆದ್ರು?" ಎಂದರು. ಕರ್ಮ, ಪ್ರಶ್ನೆ, ಕ್ರಿಯಾಪದ ಎಲ್ಲ ಸೇರಿದ ಮೊದಲ ವಾಕ್ಯ. ನಮ್ಮವರು ಲಿಫ್ಟ್ ರಿಪೇರಿಯ ಕೆಲಸದಲ್ಲಿರುವವರು. ಯಾವುದೋ ಕಟ್ಟಡದ ಏಳನೆಯ ಮಹಡಿಯಲ್ಲಿದ್ದರು. ಫೋನ್ ಮಾಡಿ ಹೇಳಿದೆ. "ಅಪ್ಪ ನಿಜವಾಗ್ಲೂ 'ಯಾಕೆ' ಅಂದ್ರಾ?" ಎಂದು ಮೂರು ಸಲ ಕೇಳಿ, ಲಿಫ್ಟ್ ಹಾಗೇ ಬಿಟ್ಟು ಮೆಟ್ಟಿಲಿಳಿದು ಮನೆಗೆ ಬಂದರು. ಅಂತೂ ನಮ್ಮ ಮಾವನ ಮೊದಲ ಪೂರ್ಣ ವಾಕ್ಯ ಹೆಂಡತಿಗೂ ಸಲ್ಲಲಿಲ್ಲ, ಮಗನಿಗೂ ಸಲ್ಲಲಿಲ್ಲ. ಅದು ತಮಗೇ ಸಂದಿತು. ಉತ್ತರ ಇನ್ನೂ ಬಂದಿಲ್ಲ.

ಅಲ್ಲಿಂದ ನನ್ನ ಶಿಕ್ಷಣವೂ ಶುರುವಾಯಿತು. ಅವರು ಮಾತಾಡಬೇಕೆಂದರೆ ಎದುರಿಗೆ ತಪ್ಪು ಹೇಳುವವರೊಬ್ಬರು ಬೇಕು. ಆ ಹುದ್ದೆಗೆ ಮನೆಯಲ್ಲಿ ನನ್ನಷ್ಟು ಅರ್ಹರು ಇರಲಿಲ್ಲ. "ಅವನು ಯಾಕೆ ಓಡ್ಲಿಲ್ಲ ಮಾವ?" ಎಂದು ಕೇಳುತ್ತಿದ್ದೆ. "ಫೋರು... ಯಾಕೆ ಓಡ್ಬೇಕು?" ಎನ್ನುತ್ತಿದ್ದರು. ಸ್ಲಿಪ್ಪಿನಲ್ಲಿ ನಿಲ್ಲುವವರು ಸುಮ್ಮನೆ ಹರಟುತ್ತಾರೆ ಎಂದು ನಾನು ಹೇಳಿದ ದಿನ ಅವರು ಹತ್ತು ನಿಮಿಷ, ತಡವರಿಸುತ್ತಾ, ಬೆವರುತ್ತಾ, ಒಂದು ಪಾಠವನ್ನೇ ಮಾಡಿದರು. ಈಗ ನನಗೆ ಎಲ್‌ಬಿಡಬ್ಲ್ಯು ಅರ್ಥವಾಗುತ್ತದೆ. ಅದು ಆಸ್ತಿ ವ್ಯಾಜ್ಯದಂತೆ: ಕಾಲು ಎಲ್ಲಿತ್ತು ಎನ್ನುವುದಕ್ಕಿಂತ, ಇಲ್ಲದಿದ್ದರೆ ಚೆಂಡು ಎಲ್ಲಿಗೆ ಹೋಗುತ್ತಿತ್ತು ಎನ್ನುವುದರ ಮೇಲೆ ತೀರ್ಪು. ಧಾರಾವಾಹಿಯನ್ನು ನಾನೇ ಬಿಟ್ಟೆ. ಹದಿಮೂರು ವರ್ಷ ಒಂದೇ ಸೂರಿನಡಿ ಇದ್ದ ಇಬ್ಬರಿಗೆ ಮಾತು ಬಂದದ್ದು ಆ ತಿಂಗಳುಗಳಲ್ಲೇ. ಅವರಿಗೆ ಕಷ್ಟಪಟ್ಟು ಬಂತು, ನನಗೆ ತಡವಾಗಿ ಬಂತು.

ಹೀಗಿರುವಾಗ ಗುರುವಾರ ಬಂತು.

ಹಿಂದಿನ ಸಂಜೆ "ನೆಗಡಿ" ಬಂದು ಹನ್ನೊಂದೂ ಮುಗಿದಿದ್ದವು. ಮಾವ ಬೀರುವಿನ ಬಾಗಿಲ ಮುಂದೆ ಕೋಲೂರಿ ನಿಂತು, 'ಆತುರ'ದಿಂದ 'ಸೊನ್ನೆ'ಯ ತನಕ ಒಂದೇ ರಾಗದಲ್ಲಿ ಹೇಳಿ ಮುಗಿಸಿದ್ದರು. ಅತ್ತೆ ನೆರೆಮನೆಯವರನ್ನೂ ಕರೆದು ಕೇಳಿಸಿದ್ದರು. ಮರುದಿನ ಟೀವಿಯಲ್ಲಿ ತಾವು ಕೋಟು ಸರಿಮಾಡಿಕೊಂಡು ಓದಿದಿರಿ. ಮೊಂಡ ಇಲ್ಲ. ಗಡಿಯಾರ ಇಲ್ಲ. ಅಳಿಯ ಇಲ್ಲ. ಸಂಸಾರಿ, ಬುಗುರಿ, ನೆಗಡಿ, ಯಾರೂ ಇಲ್ಲ. ಮಾವ ಎದ್ದು ಬೀರುವಿನ ಹತ್ತಿರ ಹೋದರು. ನನ್ನ ಕೆಂಪು ಪೆನ್ನು ಕೇಳಿ, ಎಡಗೈಯಲ್ಲಿ ಹಿಡಿದು, ಆರು ಹೆಸರಿನ ಮೇಲೆ ಒಂದೊಂದೇ ಗೆರೆ ಎಳೆದರು. ಇಪ್ಪತ್ತು ನಿಮಿಷ ಬೇಕಾಯಿತು. ಗಡಿಯಾರದ ಮೇಲಿನ ಗೆರೆ ಸೊಟ್ಟಗಾಯಿತೆಂದು ಇನ್ನೊಂದು ಸಲ ಎಳೆದರು. ಆಮೇಲೆ ಕುರ್ಚಿಗೆ ಬಂದು ಕೂತರು.

"ಹೋಗ್ಲಿ ಬಿಡಿ, ಆಟ ತಾನೆ" ಎಂದರು ಅತ್ತೆ.

"ಅದೇ" ಎಂದರು ಮಾವ.

ಮೂರು ದಿನ ನಮ್ಮ ಮನೆಯಲ್ಲಿ ಮತ್ತೆ ಅದೊಂದೇ ಮಾತು. ನೀರಿಗೂ ಅದೇ, ದಿಂಬಿಗೂ ಅದೇ. ಶನಿವಾರ ಟೀಚರ್ ಬಂದರೆ ಗೋಡೆಯ ಕಡೆ ತಿರುಗಿದರು. ಅವಳು ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದಳು: "ಕಲಿತಿದ್ದು ಎಲ್ಲೂ ಹೋಗಿಲ್ಲ ಅಕ್ಕ. ಆದರೆ ಅವರಿಗೇ ಬೇಡ ಅನ್ನಿಸಿಬಿಟ್ರೆ ನಾನು ಏನೂ ಮಾಡಕ್ಕಾಗಲ್ಲ."

ಬೇಡ ಅನ್ನಿಸುವುದು ಎಂದರೇನು ಎಂಬುದನ್ನು ತಮ್ಮ ಸಮಿತಿ ಅರಿಯದೇ ಇರಲಾರದು. ಗಡಿಯಾರ ಹೋದ ವರ್ಷ ಪರದೇಶದಲ್ಲಿ ಆರು ಗಂಟೆ ನಿಂತು ಒಂದು ಪಂದ್ಯ ಉಳಿಸಿದ. ಮುಂದಿನ ಎರಡು ಪಂದ್ಯದಲ್ಲಿ ಹನ್ನೊಂದು, ನಾಲ್ಕು. ಅಷ್ಟಕ್ಕೇ ಅವನು 'ಭವಿಷ್ಯದ ಯೋಜನೆಯಲ್ಲಿ' ಇಲ್ಲವಾದ. ಅವನೂ ಈಗ ಎಲ್ಲೋ ಒಂದು ಮನೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿರಬಹುದು. ಅವನ ಅಡುಗೆಮನೆಯಲ್ಲೂ ಇಬ್ಬರು ಹೆಂಗಸರು ಪಿಸುಗುಡುತ್ತಿರಬಹುದು. ತಾವು ಫೋನ್ ಮಾಡಿ ತಿಳಿಸಿದಿರಾ, ಇಲ್ಲವೇ ಅವನೂ ನಮ್ಮ ಮಾವನಂತೆ ಟೀವಿ ನೋಡಿಯೇ ತಿಳಿದುಕೊಂಡನೇ?

ಭಾನುವಾರ ಬೆಳಿಗ್ಗೆ ನಾನು ಒಂದು ಉಪಾಯ ಹೂಡಿದೆ. ಪತ್ರಿಕೆಯಲ್ಲಿ ಬಂದಿದ್ದ ತಮ್ಮ ಸಂದರ್ಶನವನ್ನು ತೆಗೆದುಕೊಂಡು ಮಾವನ ಎದುರಿನ ಬೆತ್ತದ ಸ್ಟೂಲಿನ ಮೇಲೆ ಕೂತು, ನ್ಯಾಯಾಧೀಶರ ಮುಂದೆ ಓದುವವರಂತೆ ಓದತೊಡಗಿದೆ. "ಬರುವ ವರ್ಷ ಮೂರೂ ಸರಣಿಗಳನ್ನೂ ವಿಶ್ವಕಪ್ಪನ್ನೂ ಗೆಲ್ಲುವ ಸಂಪೂರ್ಣ ಸಾಮರ್ಥ್ಯ ಈ ತಂಡಕ್ಕಿದೆ" ಎಂದು ತಾವು ಹೇಳಿದ ವಾಕ್ಯ ಬಂತು. ಓದಿ, "ಸರಿಯಾಗೇ ಹೇಳಿದ್ದಾರೆ ಅಲ್ವಾ ಮಾವ? ಎಲ್ಲ ಗೆಲ್ತಾರೆ ಅನ್ಸುತ್ತೆ. ಹಳಬರಿಂದ ಏನು ಉಪಯೋಗ ಇತ್ತು?" ಎಂದೆ.

ಕುರ್ಚಿಯಲ್ಲಿ ಒಂದು ಚಲನೆ.

"ಅದರಲ್ಲೂ ಆ ಬುಗುರಿ. ಎಷ್ಟು ಜೋರಾಗಿ ಓಡಿ ಬಂದು ಎಸೀತಿದ್ದ, ಏನು ಪ್ರಯೋಜನ?"

"ತಪ್ಪು" ಎಂದರು ಮಾವ.

ನಾನು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಏನು ತಪ್ಪು? ಓಡಿ ಬರ್ತಿರ್ಲಿಲ್ವಾ?"

"ಬುಗುರಿ... ಸ್ಪಿನ್ನು. ಸ್ಪಿನ್ನು. ಓಡಲ್ಲ." ಆಮೇಲೆ ಪತ್ರಿಕೆಯಲ್ಲಿದ್ದ ತಮ್ಮ ಭಾವಚಿತ್ರಕ್ಕೆ ಬೆರಳು ತೋರಿಸಿ, "ಸುಳ್ಳು" ಎಂದರು. ಮೂರು ದಿನದ ಬಿಗಿ ಸಡಿಲವಾಯಿತು.

ಮಾನ್ಯರೇ, ಅಂದು ಮಾವ ಮುಂದಿನ ವರ್ಷದ ಬಗ್ಗೆ ಅಭಿಪ್ರಾಯವನ್ನು ನಲವತ್ತು ನಿಮಿಷ ತೆಗೆದುಕೊಂಡು ಹೇಳಿದರು. ನಾನು ಅರ್ಜಿ ಬರೆದುಕೊಳ್ಳುವವಳಂತೆ ಬರೆದುಕೊಂಡೆ. ಪತ್ರಿಕೆಗಳಲ್ಲಿ ಪಂಡಿತರು ಅರ್ಧ ಪುಟ ಬರೆಯುವುದನ್ನು ತಾವು ಓದಿರುತ್ತೀರಿ. ಇದನ್ನೂ ಓದಿ, ಚಿಕ್ಕದಿದೆ.

"ಶುರು ಪರವಾಗಿಲ್ಲ. ಆತುರ ಇದ್ದಾನೆ. ನಡು... ನಡು ಇಲ್ಲ. ಗಡಿಯಾರ ಇಲ್ದೆ ಯಾರು ನಿಲ್ಲೋದು? ಎಲ್ಲರೂ ಹೊಡೀತಾರೆ. ನಿಲ್ಲೋನು ಬೇಕು. ಗಾಳಿ ಒಬ್ಬನೇ. ಒಬ್ಬನೇ ಎಷ್ಟು ಎಳೀತಾನೆ? ಮೂರನೇ ತಿಂಗಳು ಬೆನ್ನು... ಹೋಗುತ್ತೆ. ಮನೇಲಿ ಗೆಲ್ತಾರೆ. ಹೊರಗೆ ಸೋಲ್ತಾರೆ. ಅಳಿಯನ್ನ ತೆಗೆದಿದ್ದು... ಸರಿ."

"ಕಪ್ ಬರುತ್ತಾ ಮಾವ?" ಎಂದು ಕೇಳಿದೆ.

ಅವರು ಪಕ್ಕದಲ್ಲಿದ್ದ ಖಾಲಿ ಚಹಾ ಕಪ್ಪನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಇದು" ಎಂದರು.

ಅತ್ತೆ ಅಡುಗೆಮನೆಯಿಂದ ನಕ್ಕದ್ದು ಬೀದಿಗೆ ಕೇಳಿಸಿರಬೇಕು. ಮಾವನೂ ನಕ್ಕರು, ಬಾಯಿಯ ಎಡಭಾಗದಲ್ಲಿ. ಕಪ್ಪು ತೊಳೆಯಲು ನಾನು ಎದ್ದಾಗ ಸೆರಗು ಹಿಡಿದು ನಿಲ್ಲಿಸಿದರು. ಹೇಳುವುದು ಇನ್ನೂ ಮುಗಿದಿರಲಿಲ್ಲ.

"ಹೊಸಬರು... ಹುಡುಗರು. ತೆಗೀಬಾರದು. ಎರಡು ಆಟಕ್ಕೆ ತೆಗೀಬಾರದು. ಒಂದು ವರ್ಷ. ಕಲಿಯಕ್ಕೆ... ಬಿಡಬೇಕು."

ನಾನು ಈ ಪತ್ರ ಬರೆಯಲು ಕಾರಣ ಆ ಕಡೆಯ ಮಾತು. ಆರು ಮಂದಿಯನ್ನು ವಾಪಸು ತನ್ನಿ ಎಂದು ನಾನು ಕೇಳಲಾರೆ. ಒಬ್ಬ ಮುದುಕರ ನಾಲಿಗೆಗೆ ಅನುಕೂಲವಾಗಲಿ ಎಂದು ದೇಶದ ತಂಡ ಆರಿಸಲಾಗದು, ಅಷ್ಟು ವಿವೇಕ ನನಗಿದೆ. ಹೊಸ ಆರು ಜನರೂ ಯಾರದೋ ಮನೆಯ ಮಕ್ಕಳು, ಬೆಳಿಗ್ಗೆ ಐದಕ್ಕೆ ಎದ್ದು ಚೀಲ ಹೊತ್ತು ಬಸ್ ಹಿಡಿದು ಬೆಳೆದವರು. ಅವರಿಗೂ ಅವಕಾಶ ಬೇಕು. ಆದರೆ ಅವಕಾಶ ಎಂದರೆ ಎಷ್ಟು? ತಮ್ಮ ಸಮಿತಿಯ ಲೆಕ್ಕದಲ್ಲಿ ಎರಡು ಇನ್ನಿಂಗ್ಸ್. ನಮ್ಮ ಮನೆಗೆ ಬರುವ ಟೀಚರ್ ತಮ್ಮ ಲೆಕ್ಕ ಹಿಡಿದಿದ್ದರೆ ಎರಡನೆಯ ವಾರಕ್ಕೇ ಚೀಲ ಎತ್ತಿಕೊಂಡು ಹೋಗಿಬಿಡುತ್ತಿದ್ದಳು, ಮಾವ ಈಗಲೂ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ಎರಡು ತಿಂಗಳು ಒಂದೇ ಒಂದು ಪದ ಬರದಿದ್ದರೂ ಅವಳು ಬಂದಳು. ಮೂರನೆಯ ತಿಂಗಳಲ್ಲಿ ಪದ ಬಂತು. ಅದು ಬಂದಾಗಲೂ ಕೇಳಿಸಿಕೊಳ್ಳಲು ತಿಳಿಯದೆ ನಾನು ಗೋಡೆ ಗಡಿಯಾರ ಇಳಿಸಿ ತಂದೆ. ತಮ್ಮ ಸಮಿತಿಯ ಐದು ಜನರಿಗೂ ಅಷ್ಟು ಪೆದ್ದುತನದ ಅವಕಾಶವನ್ನು ನಾನು ಕೊಡಲು ಸಿದ್ಧಳಿದ್ದೇನೆ.

ಆದುದರಿಂದ ನನ್ನ ಬೇಡಿಕೆ ಹೀಗಿದೆ. ಈಗ ಆರಿಸಿದ ಹನ್ನೊಂದನ್ನು ಒಂದು ವರ್ಷ ಮುಟ್ಟಬೇಡಿ. ಮೊದಲ ಸರಣಿ ಸೋಲುತ್ತಾರೆ, ಮಾವ ಹೇಳಿದ್ದಾರೆ, ಸೋಲಲಿ. ಪತ್ರಿಕೆಗಳು ಬರೆಯುತ್ತವೆ, ಬರೆಯಲಿ, ನಾವೂ ಬರೆಯುತ್ತೇವೆ. ಹೊಸಬರಲ್ಲಿ ಹತ್ತೊಂಬತ್ತು ವರ್ಷದ ಆರಂಭಿಕ ಆಟಗಾರ ಎರಡು ಸೊನ್ನೆ ಹೊಡೆದರೆ ಅವನನ್ನು ಮೂರನೆಯ ಸಲವೂ ಕಳಿಸಿ. ಗಾಳಿಗೆ ಎರಡನೆಯ ತಿಂಗಳಲ್ಲೇ ವಿಶ್ರಾಂತಿ ಕೊಡಿ, ಬೆನ್ನು ಹೋದ ಮೇಲಲ್ಲ. ಯಾರನ್ನಾದರೂ ತೆಗೆಯಲೇಬೇಕಾದರೆ ಮೊದಲು ಅವರಿಗೆ ಫೋನ್ ಮಾಡಿ, ಕಾರಣವನ್ನು ಮನುಷ್ಯರ ಭಾಷೆಯಲ್ಲಿ ಹೇಳಿ. 'ಹಿತದೃಷ್ಟಿ' ಎಂಬ ಪದ ನನ್ನ ಕೀಬೋರ್ಡಿನಲ್ಲೇ ಸವೆದುಹೋಗಿದೆ, ತಾವು ಬೇರೆ ಏನಾದರೂ ಹುಡುಕಿಕೊಳ್ಳಿ.

ಬೀರುವಿನ ಬಾಗಿಲಿಗೆ ಹೊಸ ಹಾಳೆ ಅಂಟಿಸಿದ್ದೇನೆ. ಐದು ಹಳೆಯ ಹೆಸರು, ಆರು ಖಾಲಿ ಜಾಗ. ಮಾವ ಹೊಸಬರ ಆಟವನ್ನು ಫೋನಿನಲ್ಲಿ ಹುಡುಕಿಸಿ ನೋಡುತ್ತಾರೆ, ನೋಡಿ ಹೆಸರಿಡುತ್ತಾರೆ, ಆಮೇಲೆ ಆ ಹೆಸರನ್ನು ಹೇಳಲು ಕಲಿಯುತ್ತಾರೆ. ಹತ್ತೊಂಬತ್ತರ ಹುಡುಗ 'ಹೊಸ ಚಪ್ಪಲಿ', ನೋಡಲು ಚೆಂದ, ಮೊದಮೊದಲು ಕಚ್ಚುತ್ತದೆ. ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬರುವ ಸ್ಪಿನ್ನರ್ 'ಗುಟ್ಟು'. ಈಗ ಅವರಿಗೆ ಒಂದು ಹೆಸರಿಗೆ ಹನ್ನೊಂದು ದಿನ ಹಿಡಿಯುತ್ತಿದೆ; ಹೋದ ವರ್ಷ ಇದೇ ಕೆಲಸಕ್ಕೆ ಐದೈದು ವಾರ ಬೇಕಾಗುತ್ತಿತ್ತು. ಉಳಿದ ನಾಲ್ಕಕ್ಕೆ ನಲವತ್ತನಾಲ್ಕು ದಿನ. ತಮ್ಮ ಮೊದಲ ಸರಣಿಗೆ ಇನ್ನೂ ಎಂಟು ವಾರವಿದೆ. ಅಷ್ಟರೊಳಗೆ ನಮ್ಮ ಮಾವ ತಯಾರಾಗಿರುತ್ತಾರೆ. ತಂಡದ ವಿಷಯ ತಾವು ನೋಡಿಕೊಳ್ಳಿ.

ಇಂತಿ,
ಬೇರೆಯವರ ದೂರು ಬರೆದೇ ಬದುಕಿ, ಸ್ವಂತದ್ದು ಬರೆಯುವಾಗ ಎರಡು ಹಾಳೆ ಹರಿದೆಸೆದ,
ಕ್ರಿಕೆಟ್ ಬೇಡವೆಂದಿದ್ದ ಸೊಸೆ

(ಪತ್ರವನ್ನು ಮಾವನಿಗೆ ಓದಿ ಹೇಳಿದ್ದೇನೆ. ಒಂದು ಕಡೆ "ತಪ್ಪು" ಎಂದರು, ತಿದ್ದಿದ್ದೇನೆ. ಉಳಿದದ್ದಕ್ಕೆ "ಕಳಿಸು" ಎಂದರು.)